ಅಡುಗೆಮನೆಯ ತಣ್ಣನೆಯ ಅರ್ಧಭಾಗ ಕೋರಿ

ದಿನಾಂಕ: ಇಂದು, ಬುಧವಾರ (ಮೊಮ್ಮಗಳನ್ನು ಕೇಳಿ ಖಾತ್ರಿಪಡಿಸಿಕೊಳ್ಳಲಾಗಿದೆ)

ಇಂದ:
ತಮ್ಮ ಅತ್ತೆ,
ನಿವೃತ್ತ ಹೆಡ್ ಕ್ಲರ್ಕ್, ಅರ್ಜಿ ಸ್ವೀಕೃತಿ ವಿಭಾಗ,
ಹಾಲಿ ವಿಳಾಸ: ಹಾಲ್‌ನ ಕಿಟಕಿ ಪಕ್ಕದ ಕುರ್ಚಿ

ಗೆ:
ಮಾನ್ಯ ಸೊಸೆಯವರು,
ಅಗ್ನಿ ಸುರಕ್ಷತಾ ತಪಾಸಣಾಧಿಕಾರಿಗಳು (ಕಚೇರಿಯಲ್ಲಿ),
ಅಡುಗೆಮನೆಯ ಸರ್ವಾಧಿಕಾರಿಗಳು (ಮನೆಯಲ್ಲಿ)

ಮುಖಾಂತರ: ಮೊಮ್ಮಗಳು ಚೂಟಿ. (ನಿಯಮದಂತೆ ಮಗನ ಮುಖಾಂತರ ಸಲ್ಲಿಸಬೇಕಿತ್ತು. ಆದರೆ ಮಗನ ಕೈಗೆ ಕೊಟ್ಟ ಕಾಗದ ಅಂಗಿಯ ಜೇಬಿನಲ್ಲೇ ಉಳಿದು, ವಾಷಿಂಗ್ ಮಷಿನ್‌ನಲ್ಲಿ ವಿಲೇವಾರಿಯಾಗುವುದು ಈ ಮನೆಯ ರೂಢಿ.)

ವಿಷಯ: ಬೆಂಕಿಯ ಬಳಕೆಯಿಲ್ಲದೆ ಐಸ್‌ಕ್ರೀಂ ಸ್ಯಾಂಡ್‌ವಿಚ್ ತಯಾರಿಸುವ ಸಲುವಾಗಿ ಅರ್ಜಿದಾರಳಿಗೆ ಅಡುಗೆಮನೆಗೆ ಮರುಪ್ರವೇಶ ನೀಡುವ ಬಗ್ಗೆ.

ಉಲ್ಲೇಖ:
1) ಹಾಲಿನ ಪಾತ್ರೆ ಸುಟ್ಟ ದಿನ ತಾವು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಡಿಸಿದ ಮೌಖಿಕ ಆದೇಶ.
2) ಸದರಿ ಆದೇಶಕ್ಕೆ ಅರ್ಜಿದಾರಳು ತಕ್ಷಣವೇ ನೀಡಿದ ಉತ್ತರ (ಕೋಣೆಯ ಬಾಗಿಲು ಹಾಕಿಕೊಂಡ ಸದ್ದು).
3) ಒಲೆಯ ಹಿಂದಿನ ಗೋಡೆಗೆ ಅಂಟಿಸಿರುವ ಕೆಂಪು ಅಕ್ಷರದ ಎಚ್ಚರಿಕೆ ಚೀಟಿ.

ಮಾನ್ಯರೇ,

ಸರ್ವೀಸು ಪೂರ್ತಿ ಬೇರೆಯವರ ಅರ್ಜಿಗಳನ್ನು ಓದಿ, ತಪ್ಪು ಹುಡುಕಿ, "ನಾಳೆ ಬನ್ನಿ" ಎಂದು ಕಳಿಸಿದವಳು ಇಂದು ತಾನೇ ಅರ್ಜಿ ಬರೆಯುವಂತಾಗಿದೆ. ಮಾಡಿದ್ದುಣ್ಣೋ ಮಹಾರಾಯ ಎಂದು ತಾವು ಅಂದುಕೊಳ್ಳಬಹುದು. ಧಾರಾಳವಾಗಿ ಅಂದುಕೊಳ್ಳಿ, ಆದರೆ ಪೂರ್ತಿ ಓದಿ. ತಮ್ಮ ಅವಗಾಹನೆಗೆ ತರಬಯಸುವ ಅಂಶಗಳು ಈ ಕೆಳಗಿನಂತಿವೆ:

1. ಮೊದಲಿಗೆ, ತಕರಾರಿಲ್ಲದ ಸಂಗತಿಗಳು. ಅಂದು ಮಧ್ಯಾಹ್ನ ಅರ್ಜಿದಾರಳು ಒಲೆಯ ಮೇಲೆ ಹಾಲಿಟ್ಟದ್ದು ನಿಜ. ಅಷ್ಟರಲ್ಲಿ ಅರ್ಜಿದಾರಳ ತಂಗಿಯ ಫೋನ್ ಬಂದದ್ದು ನಿಜ. ಸದರಿ ತಂಗಿಗೆ ಮಾತು ಶುರುಮಾಡುವುದು ಗೊತ್ತೇ ಹೊರತು ಮುಗಿಸುವುದು ಗೊತ್ತಿಲ್ಲ ಎಂಬುದು ಊರಿಗೇ ಗೊತ್ತು. ಹಾಲು ಉಕ್ಕಿ, ಬತ್ತಿ, ಪಾತ್ರೆ ಕಪ್ಪಾಗಿ, ಪಕ್ಕದಲ್ಲಿದ್ದ ಟವೆಲ್ ಹೊಗೆಯಾಡತೊಡಗಿದ ಹೊತ್ತಿಗೆ ಸರಿಯಾಗಿ ತಾವು ಊಟಕ್ಕೆಂದು ಮನೆಗೆ ಬಂದದ್ದೂ ನಿಜ. ಇಡೀ ದಿನ ಗೋದಾಮು, ಹೋಟೆಲು, ಕಾರ್ಖಾನೆ ಸುತ್ತಿ "ನಿಮ್ಮ ತುರ್ತು ದ್ವಾರ ಎಲ್ಲಿದೆ?" ಎಂದು ಕೇಳುವ ಅಧಿಕಾರಿಯ ಮನೆಯಲ್ಲೇ ಹೀಗಾಯಿತು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತು ಅಂತಾರಲ್ಲ, ಹಾಗಾಯ್ತು ನನ್ನ ಕಥೆ" ಎಂದು ತಾವೇ ಹೇಳಿಕೊಂಡಿರಿ. ಪಾತ್ರೆ ಸುಟ್ಟದ್ದು ಅದು ಎರಡನೆಯ ಸಲ ಎಂಬುದನ್ನೂ ಅರ್ಜಿದಾರಳು ಮುಚ್ಚಿಡುವುದಿಲ್ಲ. ಮೊದಲನೆಯದು ಆಲೂಗಡ್ಡೆ.

2. ಆದೇಶದ ಕ್ರಮದ ಬಗ್ಗೆ ಮಾತ್ರ ಆಕ್ಷೇಪವಿದೆ. ನಮ್ಮ ಕಚೇರಿಯಲ್ಲಿ ಟೈಪ್‌ರೈಟರ್ ಬೀಳಿಸಿದ ಜವಾನನಿಗೂ ಕಾರಣ ಕೇಳಿ ನೋಟಿಸು ಕೊಟ್ಟ ಮೇಲೆಯೇ ಮುಂದಿನ ಮಾತು. ಇಲ್ಲಿ ನೋಟಿಸಿಲ್ಲ, ವಿಚಾರಣೆಯಿಲ್ಲ. "ಅತ್ತೆ, ನಂಗೆ ಕೋಪ ಇಲ್ಲ. ಭಯ ಆಗ್ತಿದೆ. ಇನ್ಮೇಲೆ ನೀವು ಅಡುಗೆಮನೆ ಕಡೆ ಬರೋದೇ ಬೇಡ" ಎಂದಿರಿ. ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು, ಅದರಲ್ಲಿ ನನಗೆ ಸಾಕಷ್ಟು ಅನುಭವವಿದೆ. ಭಯದ ಜೊತೆ ಜಗಳವಾಡುವುದು ಹೇಗೆ? ಮಾರನೆಯ ದಿನವೇ ಗ್ಯಾಸಿನ ಕೊಳವೆಗೆ ಬೀಗ ಬಂತು, ಕೀಲಿ ತಮ್ಮ ಚೀಲ ಸೇರಿತು.

ಈ ಬಗ್ಗೆ ಮಗನ ಅಭಿಪ್ರಾಯ ಕೇಳಲಾಯಿತು. ಕನ್ನಡಕದ ಅಂಗಡಿ ಇಟ್ಟುಕೊಂಡು ಕಂಡವರಿಗೆಲ್ಲ ದೃಷ್ಟಿ ಸರಿಮಾಡಿಕೊಡುವ ಅವನು, "ಅವಳು ಹೇಳೋದ್ರಲ್ಲಿ ತಪ್ಪೇನಿದೆ ಅಮ್ಮ?" ಎಂದ. ನಾನು ಮುಖ ನೋಡಿದೆ. "ಆದ್ರೆ ನೀನು ಹೇಳೋದೂ ಸರೀನೇ" ಎಂದ. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವನು ಅವರಪ್ಪನನ್ನೂ ಮೀರಿಸಿದ್ದಾನೆ.

3. ಅಂದಿನಿಂದ ಅರ್ಜಿದಾರಳಿಗೆ ಕಾಫಿ ಕುಳಿತಲ್ಲಿಗೇ ಬರುತ್ತಿದೆ, ಅದೂ ಅತಿಥಿಗಳಿಗೆಂದು ಎತ್ತಿಟ್ಟಿರುವ ಹೂವಿನ ಕಪ್ಪಿನಲ್ಲಿ. ಈರುಳ್ಳಿ ಎಷ್ಟು ಬೆಂದಿದೆ ಎಂದು ಹಾಲ್‌ನಿಂದಲೇ ಮೂಗಿನಿಂದ ಹೇಳಬಲ್ಲವಳು, "ಇಳಿಸೇ, ಸಾಕು" ಎಂದು ಕೂಗಬೇಕೆನಿಸಿದರೂ ನಾಲಿಗೆ ಕಚ್ಚಿಕೊಂಡು ಕಿಟಕಿಯಾಚೆ ಹೋಗುವ ಬಸ್ಸುಗಳನ್ನು ನೋಡುತ್ತಾ ಕೂತಿದ್ದಾಳೆ. ಬರುವ ತಿಂಗಳಿನಿಂದ ಅಡುಗೆಯವರನ್ನು ಇಡುವ ಮಾತೂ ಕಿವಿಗೆ ಬಿದ್ದಿದೆ. ಮರೆವಿರಬಹುದು, ಕಿವುಡಿಲ್ಲ. ನನ್ನ ಮನೆಯಲ್ಲಿ ನಾನೇ ನೆಂಟಳಾಗಿದ್ದೇನೆ, ಇದರಿಂದ ನನಗೆ ತುಂಬ ದುಃಖವಾಗಿದೆ. ಅರ್ಜಿಯಲ್ಲಿ ಇಂಥ ಮಾತು ಬರೆಯುವಂತಿಲ್ಲ ಎಂದು ಎಷ್ಟೋ ಜನರಿಗೆ ನಾನೇ ಹೇಳಿ ಹೊಡೆದುಹಾಕಿಸಿದ್ದೇನೆ. ಇದನ್ನು ಹೊಡೆದುಹಾಕುವುದಿಲ್ಲ.

4. ಹೀಗಿರುವಲ್ಲಿ ಶಾಲೆಗೆ ರಜೆ ಬಂತು, ಜೊತೆಗೆ ಬಿಸಿಲೂ ಬಂತು. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ. ಒಂದು ದಿನ ಚೂಟಿ ಸೋಫಾದ ಮೇಲೆ ತಲೆಕೆಳಗಾಗಿ ಮಲಗಿಕೊಂಡು ಕೇಳಿದಳು:

"ಅಜ್ಜಿ, ಒಲೆ ಇಲ್ದೆ ನಿಂಗೆ ಏನ್ ಮಾಡೋಕೆ ಬರುತ್ತೆ?"

"ಏನ್ ಬೇಕಾದ್ರೂ ಬರುತ್ತೆ ಕಣೇ."

"ಐಸ್‌ಕ್ರೀಂ ಸ್ಯಾಂಡ್‌ವಿಚ್?"

ಅರ್ಜಿದಾರಳು ಆ ಪದಾರ್ಥದ ಹೆಸರು ಕೇಳಿದ್ದೇ ಆಗ. ಆದರೆ ಹೆಡ್ ಕ್ಲರ್ಕ್ ಆದವಳು ಗೊತ್ತಿಲ್ಲ ಎನ್ನುವ ಪದ್ಧತಿಯಿಲ್ಲ. "ಅದೇನ್ ಮಹಾ! ಸಾಮಾನು ತಾ" ಎಂದೆ. ಚೂಟಿ ಫೋನ್ ನೋಡಿ ಓದಿದಳು, ನಾನು ತಿದ್ದಿದೆ.

ವಿಧಾನವನ್ನು ತಪಾಸಣೆಗಾಗಿ ಸಲ್ಲಿಸುತ್ತಿದ್ದೇನೆ. ತಣ್ಣಗಿರುವ ಕ್ರೀಮನ್ನು ಬೀಟರಿನಿಂದ ಗಟ್ಟಿಯಾಗುವವರೆಗೆ ಕಡೆಯುವುದು. ಡಬ್ಬಿಯಲ್ಲಿ ಸಿಗುವ ಗಟ್ಟಿ ಸಿಹಿಹಾಲು ಬೆರೆಸುವುದು, ಚಿಟಿಕೆ ಉಪ್ಪು ಹಾಕುವುದು (ಇದು ಫೋನಿನಲ್ಲಿರಲಿಲ್ಲ, ನನ್ನದು). ಕಾಗದ ಹಾಸಿದ ತಟ್ಟೆಯಲ್ಲಿ ಹರಡಿ ಫ್ರೀಜರಿಗೆ ಕಳಿಸುವುದು. ಗಟ್ಟಿಯಾದ ಮೇಲೆ ಬಿಸ್ಕತ್ತಿನಷ್ಟೇ ಅಗಲದ ಡಬ್ಬಿಮುಚ್ಚಳವನ್ನು ಒತ್ತಿ ಬಿಲ್ಲೆ ತೆಗೆದು, ಎರಡು ಬಿಸ್ಕತ್ತುಗಳ ನಡುವೆ ಕೂರಿಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಪುನಃ ಫ್ರೀಜರಿಗೆ. ಇದರಲ್ಲಿ ಬೆಂಕಿ ಎಲ್ಲಿದೆ? ತಾವು ಬೇಕಾದರೆ ಎರಡೆರಡು ಸಲ ಓದಿ ನೋಡಿ. ಕೆಲಸವೆಲ್ಲ ಊಟದ ಮೇಜಿನ ಮೇಲೆ ನಡೆದಿದ್ದು, ಫ್ರಿಜ್ಜಿನವರೆಗೆ ಓಡಾಡಿದವಳು ಚೂಟಿ. ಊಟದ ಮೇಜು ಅಡುಗೆಮನೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅರ್ಜಿದಾರಳ ಕಾನೂನು ತಿಳಿವಳಿಕೆ.

5. ಮೊದಲ ಪ್ರಯತ್ನ ಹಾಳಾಯಿತು. ಕಾರಣ: ಫ್ರೀಜರಿನ ಬಾಗಿಲು. "ಆಯ್ತಾ ನೋಡ್ತೀನಿ" ಎಂದು ಚೂಟಿ ತೆರೆದಳು. ಇನ್ನೂ ಆಗಿಲ್ಲವೆಂದು ಗೊತ್ತಾದ ಮೇಲೆ, ಯಾಕೆ ಆಗಿಲ್ಲವೆಂದು ನೋಡಲು ಮತ್ತೆ ತೆರೆದಳು. ಅಷ್ಟರಲ್ಲಿ ಊಟಕ್ಕೆ ಬಂದು ಮತ್ತೆ ಅಂಗಡಿಗೆ ಹೊರಟಿದ್ದ ಮಗ ತಣ್ಣೀರಿಗೆಂದು ಹೋದವನು "ಒಂದು ಸ್ಯಾಂಪಲ್ ಅಮ್ಮ" ಎಂದು ಹಲ್ಲೂರಿದ. ಬಿಸ್ಕತ್ತು ಹೆಂಚಿನಂತೆ ಗಟ್ಟಿ, ನಡುವಿನದು ಇನ್ನೂ ಮೆತ್ತಗೆ. ಕಚ್ಚಿದ ರಭಸಕ್ಕೆ ಐಸ್‌ಕ್ರೀಂ ಹಿಂಬದಿಯಿಂದ ಹೊರಬಂದು ಇಸ್ತ್ರಿ ಮಾಡಿಸಿದ್ದ ಅಂಗಿಯ ಮೇಲೆ ಕೂತಿತು.

"ರುಚಿ ಹೇಗಿದೆಯೋ?" ಎಂದೆ.

"ಅಂಗೀನ ಕೇಳ್ಬೇಕು. ಅದಕ್ಕೇ ಸಿಕ್ಕಿದ್ದು."

ಎರಡನೆಯ ಪ್ರಯತ್ನವೂ ಇದೇ ಕಾರಣಕ್ಕೆ ಇದೇ ಗತಿ ಕಂಡಿತು. ಅಂಗಿ ಮಾತ್ರ ಬೇರೆ.

6. ಮೂರನೆಯ ಪ್ರಯತ್ನದಲ್ಲಿ ಅರ್ಜಿದಾರಳು ಬುದ್ಧಿ ಉಪಯೋಗಿಸಿದಳು. ಚೂಟಿ ಪಕ್ಕದ ಮನೆಗೆ ಆಡಲು ಹೋದ ಸಮಯ ನೋಡಿ, ಖುದ್ದಾಗಿ ಅಡುಗೆಮನೆಯೊಳಗೆ ಹೋಗಿ (ಹೌದು, ಆದೇಶದ ಉಲ್ಲಂಘನೆ), ಸುತ್ತಿದ ಸ್ಯಾಂಡ್‌ವಿಚ್‌ಗಳನ್ನೆಲ್ಲ ಫ್ರೀಜರಿನ ಹಿಂಬದಿಯಲ್ಲಿ, ಬಟಾಣಿ ಚೀಲದ ಆಚೆ ಬಚ್ಚಿಟ್ಟಳು. ಆಮೇಲೆ ಮರೆತಳು.

ಇದನ್ನು "ಗಮನಕ್ಕೆ ಬಾರದೆ ಉಳಿಯಿತು" ಎಂದು ಬರೆದು ನೋಡಿದೆ. ಕಚೇರಿಯಲ್ಲಾಗಿದ್ದರೆ ಅದೇ ಸರಿಯಾದ ಭಾಷೆ. ಆದರೆ ಅದು ಸುಳ್ಳು. ಮರೆತೆ. ಪೂರ್ತಿ ಮರೆತೆ. ಚೂಟಿ ಬಂದು "ಎಲ್ಲಿ ಅಜ್ಜಿ?" ಎಂದು ಕೇಳಿದಾಗ "ಎಲ್ಲಾ ನೀವೇ ತಿಂದು ಮುಗಿಸಿದ್ರಲ್ಲ!" ಎಂದು ಆ ಮಗುವನ್ನೇ ಗದರಿಸಿದೆ.

7. ಮುಂದಿನದನ್ನು ತಾವು ಬಲ್ಲಿರಿ. ಆದರೂ ದಾಖಲೆಗಾಗಿ. ಮಾರನೆಯ ದಿನ ತಾವು ಯಾವುದೋ ಪ್ಲಾಸ್ಟಿಕ್ ಗೋದಾಮಿನ ತಪಾಸಣೆ ಮುಗಿಸಿ, ಬಿಸಿಲಿಗೆ ಮುಖ ಕೆಂಪಗೆ ಮಾಡಿಕೊಂಡು ಬಂದಿರಿ. ಐಸಿಗಾಗಿ ಫ್ರೀಜರಿಗೆ ಕೈಹಾಕಿದಿರಿ, ಬಟಾಣಿ ಚೀಲ ಸರಿಸಿದಿರಿ. ಹೆಗಲ ಚೀಲವನ್ನೂ ಇಳಿಸದೆ ನಿಂತಲ್ಲೇ ಒಂದು ತಿಂದಿರಿ. ಆಮೇಲೆ ಇನ್ನೊಂದು ತಿಂದಿರಿ (ಸಾಕ್ಷಿ: ಸಿಂಕಿನ ಪಕ್ಕ ಎರಡು ಕಾಗದ). ಮೂರನೆಯದನ್ನು ಕೈಯಲ್ಲಿ ಹಿಡಿದು ಹಾಲ್‌ಗೆ ಬಂದಿರಿ.

"ಅತ್ತೆ, ಇದನ್ನ ಯಾರು ಮಾಡಿದ್ದು?"

"ಯಾವುದನ್ನ?"

ನಾನು ನಾಟಕವಾಡಲಿಲ್ಲ. ನಿಜವಾಗಿಯೂ ಕೇಳಿದೆ. ಚೂಟಿ ಬಿದ್ದು ಬಿದ್ದು ನಕ್ಕಳು. "ಅಜ್ಜಿ, ನೀನೇ ಮಾಡಿದ್ದು! ಮುಗೀತು ಅಂತ ನಂಗೆ ಬೈದ್ಯಲ್ಲ!" ಆಗ ನೆನಪಾಯಿತು, ನಾನೂ ನಕ್ಕೆ. ತಾವು ನಗಲಿಲ್ಲ. ಕೈಯಲ್ಲಿದ್ದದ್ದು ಬೆರಳ ಸಂದಿಯಲ್ಲಿ ಕರಗಿ ಇಳಿಯುತ್ತಿದ್ದರೂ ನನ್ನನ್ನೇ ನೋಡುತ್ತಾ ನಿಂತಿರಿ. ಆ ಮುಖವನ್ನು ಮಾತ್ರ ಅರ್ಜಿದಾರಳು ಮರೆತಿಲ್ಲ.

ಆಮೇಲೆ ಪಕ್ಕದಲ್ಲಿ ಬಂದು ಕೂತು, ಅದನ್ನು ಮುರಿದು ಅರ್ಧ ನನಗೆ ಕೊಟ್ಟಿರಿ.

"ಬಿಸ್ಕತ್ತು ಕೇಕ್ ಥರ ಆಗ್ಬಿಟ್ಟಿದೆ ಅತ್ತೆ. ಬೇಕರೀಲೂ ಹೀಗೆ ಬರಲ್ಲ. ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಕಣೇ. ಮರ್ತಿದ್ದೆ."

8. ಮಾನ್ಯರೇ, ಅರ್ಜಿಯ ಜೀವ ಇರುವುದು ಇಲ್ಲಿ. ಹಾಲು ಮರೆತರೆ ಉಕ್ಕುತ್ತದೆ. ಅನ್ನ ಮರೆತರೆ ತಳ ಹಿಡಿಯುತ್ತದೆ. ಆಲೂಗಡ್ಡೆಯ ವಿಚಾರ ಬೇಡ. ಇದೊಂದು ಮಾತ್ರ ಮರೆತರೆ ಹದಕ್ಕೆ ಬರುತ್ತದೆ. ಬಿಸ್ಕತ್ತು ಐಸ್‌ಕ್ರೀಮಿನ ತೇವವನ್ನು ತನ್ನ ಪಾಡಿಗೆ ಹೀರಿಕೊಂಡು ಮೆತ್ತಗಾಗಬೇಕು, ಅಲ್ಲಿಯವರೆಗೆ ಯಾರೂ ಬಾಗಿಲು ತೆರೆಯಬಾರದು, ಮುಟ್ಟಬಾರದು, ಸ್ಯಾಂಪಲ್ ಕೇಳಬಾರದು. ಇದು ಚೂಟಿಯಿಂದ ಆಗುವ ಕೆಲಸವಲ್ಲ. ಮಗನಿಂದಂತೂ ಈ ಜನ್ಮದಲ್ಲಿ ಆಗದು. ತಮ್ಮಿಂದ ಆಗುತ್ತದೆಂದು ಸಿಂಕಿನ ಪಕ್ಕದ ಕಾಗದಗಳು ಹೇಳುವುದಿಲ್ಲ. ಆದ ಕಾರಣ, ಸದರಿ ಹುದ್ದೆಗೆ ಬೇಕಾದ ಅರ್ಹತೆಯನ್ನು ಈ ಮನೆಯಲ್ಲಿ ಹೊಂದಿರುವ ಏಕೈಕ ಅಭ್ಯರ್ಥಿ ಅರ್ಜಿದಾರಳು. ಅರ್ಹತೆ ದಿನದಿಂದ ದಿನಕ್ಕೆ ಹೆಚ್ಚುತ್ತಲೂ ಇದೆ.

9. ಮುಂದಿನ ವಾರ ಡಾಕ್ಟರ ಬಳಿ ನನ್ನ ಹೆಸರು ಬರೆಸಿದ್ದೀರಿ. ಬರುತ್ತೇನೆ. ತಕರಾರಿಲ್ಲ, ಭಯವಿದೆ. ನಿನಗೂ ಇದೆ ಎಂದು ಗೊತ್ತು ಮಗಳೇ. (ಈ ಒಂದು ವಾಕ್ಯದಲ್ಲಿ "ತಾವು" ಎಂದು ಬರೆಯಲು ಕೈ ಬರಲಿಲ್ಲ, ಮನ್ನಿಸುವುದು.)

ಆದ್ದರಿಂದ, ಮೇಲ್ಕಾಣಿಸಿದ ಎಲ್ಲ ಕಾರಣಗಳನ್ನು ಪರಿಶೀಲಿಸಿ, ತಾವು ದಯಮಾಡಿ:

ಅ) ಅಡುಗೆಮನೆಯನ್ನು ಬಿಸಿ ವಿಭಾಗ ಮತ್ತು ತಣ್ಣನೆ ವಿಭಾಗವೆಂದು ಎರಡಾಗಿ ವಿಂಗಡಿಸಿ, ಫ್ರಿಜ್ಜು, ಬೀಟರು, ಬಿಸ್ಕತ್ತಿನ ಡಬ್ಬಿ ಹಾಗೂ ಕಿಟಕಿ ಕಡೆಯ ಕಟ್ಟೆ ಸೇರಿದಂತೆ ತಣ್ಣನೆ ವಿಭಾಗದ ಪೂರ್ಣ ಜವಾಬ್ದಾರಿಯನ್ನು ಅರ್ಜಿದಾರಳಿಗೆ ವಹಿಸುವುದು.

ಆ) ಬರಲಿರುವ ಅಡುಗೆಯವರ ಅಧಿಕಾರ ಬಿಸಿ ವಿಭಾಗಕ್ಕೆ ಮಾತ್ರ. ಒಂದು ತುಂಡು ಐಸು ಬೇಕಾದರೂ ನನ್ನನ್ನು ಕೇಳತಕ್ಕದ್ದು. ನಾನು "ನಾಳೆ ಬನ್ನಿ" ಎನ್ನುವುದಿಲ್ಲ.

ಇ) ಹೂವಿನ ಕಪ್ಪನ್ನು ಹಿಂಪಡೆದು, ನನ್ನ ಹಳೆಯ ಸ್ಟೀಲ್ ಲೋಟವನ್ನು ಕೂಡಲೇ ಹಿಂತಿರುಗಿಸುವುದು.

ಈ) ಗ್ಯಾಸಿನ ಬೀಗ ಇದ್ದಂತೆಯೇ ಇರಲಿ, ಕೀಲಿಯೂ ತಮ್ಮ ಬಳಿಯೇ ಇರಲಿ. ಯಾವುದೋ ಒಂದು ಒಳ್ಳೆಯ ದಿನ ನಾನೇ ಬಂದು "ಇದೊಂದು ಸಲ ಕೊಡೇ, ಜೋಪಾನವಾಗಿರ್ತೀನಿ" ಎಂದು ಎಷ್ಟೇ ಗೋಗರೆದರೂ ಕೊಡತಕ್ಕದ್ದಲ್ಲ. ಈ ಮನೆಯಲ್ಲಿ ಚೂಟಿ ಇದ್ದಾಳೆ.

ಇಷ್ಟನ್ನು ನಡೆಸಿಕೊಟ್ಟಲ್ಲಿ, ಮನೆಯವರೆಲ್ಲ ತಿಂದು ನಗುವುದನ್ನು ನೋಡಿಕೊಂಡು ಕಾಲ ಕಳೆಯುತ್ತೇನೆ ಎಂದು ಭರವಸೆ ನೀಡುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಖಾಯಂ ಅತ್ತೆ,
(ಸಹಿ)

ಲಗತ್ತುಗಳು:
1) ಐಸ್‌ಕ್ರೀಂ ಸ್ಯಾಂಡ್‌ವಿಚ್, ಕಾಗದದಲ್ಲಿ ಸುತ್ತಿದ್ದು, ಒಂದು. (ಅರ್ಜಿಗಿಂತ ಮೊದಲು ಇದನ್ನೇ ಪರಿಶೀಲಿಸುವುದು. ಕಡತಗಳಂತೆ ಕಾಯುವ ಗುಣ ಇದಕ್ಕಿಲ್ಲ.)
2) ಹಾಲಿನ ಪಾತ್ರೆ, ಉಜ್ಜಿ ಬೆಳಗಿದ್ದು. (ತಳದ ಕಲೆ ಹೋಗಲಿಲ್ಲ.)
3) ಮಗನ ಒಪ್ಪಿಗೆ. ("ನೀವಿಬ್ಬರೂ ಹೇಳಿದ ಹಾಗೇ ಆಗಲಿ" ಎಂದು ಷರಾ ಬರೆದಿದ್ದಾನೆ.)

ವಿಶೇಷ ಸೂಚನೆ: ಈ ಅರ್ಜಿ ಸಲ್ಲಿಸಿದ್ದನ್ನೇ ಮರೆತು ಅರ್ಜಿದಾರಳು ಇದೇ ಅರ್ಜಿಯನ್ನು ಮತ್ತೊಮ್ಮೆ, ಮಗದೊಮ್ಮೆ ಬರೆದು ತಂದಲ್ಲಿ, "ಆಗ್ಲೇ ಕೊಟ್ಟಿದ್ರಲ್ಲ ಅತ್ತೆ" ಎನ್ನದೆ, ಹೊಸ ಅರ್ಜಿಯೆಂದೇ ಸ್ವೀಕರಿಸಿ, ಪ್ರತಿ ಸಲವೂ ಹೊಸದಾಗಿಯೇ ಮಂಜೂರು ಮಾಡಬೇಕಾಗಿ ವಿನಂತಿ.