ಸುಬ್ಬಿಯ ಅರ್ಜಿಗಳು

ಬೆಕ್ಕು ದೂರು ಕೊಟ್ಟಿತೆಂದು ಕಟ್ಟಿಕೊಂಡ ಗಂಡನನ್ನೇ ವರ್ಗಾವಣೆ ಮಾಡಿದ ಹೆಂಗಸು ತಮಿಳು ಗಡಿಯ ಹೊಸೂರು ತಾಲ್ಲೂಕಿಗೆಲ್ಲ ಒಬ್ಬರೇ ಇದ್ದಾರೆ. ಅವರು ನಮ್ಮ ಸೋದರತ್ತೆ, ಅಪ್ಪನ ಅಕ್ಕ! ನಂಬಿಕೆ ಬರದಿದ್ದರೆ ಅವರಿರುವ ಆಲಸನತ್ತಂಗೆ ಬಂದು ವಿಚಾರಿಸಿ. ಮಾವನ ಮಂಚ ಒಳಗಿನ ರೂಮಿನಿಂದ ಮುಂದಿನ ಹಾಲಿಗೆ ಬಂದ ಕಥೆ ಇಡೀ ಬೀದಿಗೇ ಗೊತ್ತು.

ಅತ್ತೆ ಕೆಲಸದಲ್ಲಿದ್ದಷ್ಟು ಕಾಲವೂ ಸರ್ಕಾರಿ ಕಚೇರಿಯೊಂದರಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆಯೇ ಕೂತವರು. ಬಂದವರು ತಮಿಳಲ್ಲಿ ಅತ್ತರೆ ತಮಿಳಲ್ಲಿ, ತೆಲುಗಲ್ಲಿ ಬೈದರೆ ತೆಲುಗಲ್ಲಿ, ಕನ್ನಡದಲ್ಲಿ ಸುಮ್ಮನೆ ನಿಂತರೆ ಕನ್ನಡದಲ್ಲಿ ಮಾತಾಡಿಸಿ, ಕಷ್ಟ ಏನೆಂದು ಕೇಳಿ ಬರೆದುಕೊಂಡವರು. ರಿಟೈರ್ ಆದ ಮೇಲೆ ಅರ್ಜಿ ಕೊಡುವವರು ಒಬ್ಬರೂ ಇಲ್ಲದೆ ಕೈಕಾಲು ಆಡದಂತಾಗಿದ್ದಾಗ ಕಾಂಪೌಂಡ್ ಹಾರಿ ಬಂದವಳೇ ಸುಬ್ಬಿ. ಬೂದು ಪಟ್ಟೆಯ, ಅರ್ಧ ಕಿವಿ ಹರಿದ ಹೆಣ್ಣು ಬೆಕ್ಕು. ಬಂದವಳು ನೇರವಾಗಿ ಅತ್ತೆಯ ಕುರ್ಚಿಯ ಮೇಲೆ ಕೂತಳು. ಮೂವತ್ತು ವರ್ಷ ಯಾರಿಗೂ ಕುರ್ಚಿ ಬಿಡದಿದ್ದ ಅತ್ತೆ ಅವತ್ತು ನೆಲದ ಮೇಲೆ ಕೂತು ಕಾಫಿ ಕುಡಿದರು!

ಸುಬ್ಬಿಯ ಮೊದಲ ಕಾರ್ಯಕ್ರಮ ಹೊಸ ಸೋಫಾ. ಒಂದೇ ವಾರದಲ್ಲಿ ಅದರ ಒಂದು ಕಡೆಯನ್ನು ಕೆರೆದು ಕೆರೆದು ಒಳಗಿನ ಸ್ಪಂಜು ಕಾಣುವಂತೆ ಮಾಡಿದಳು. ಎದುರುಮನೆಯಾಕೆ ಬಂದು ಸಲಹೆ ಕೊಟ್ಟರು. "ಖಾರದಪುಡಿ ಎರಚಿಬಿಡಿ ಅಕ್ಕಾ, ಆ ಕಡೆ ತಲೆ ಹಾಕಲ್ಲ."

ಅತ್ತೆ ಕನ್ನಡಕ ತೆಗೆದು ಆಕೆಯನ್ನು ನೋಡಿದರು. "ಅರ್ಜಿ ಕೊಡೋಕೆ ಬಂದೋರ ಕಣ್ಣಿಗೆ ಖಾರದಪುಡಿ ಹಾಕ್ತಾರೇನಮ್ಮಾ? ಅದಕ್ಕೆ ಉಗುರು ಕೆರ್ಕೊಳ್ಳೋಕೆ ಜಾಗ ಬೇಕು ಅಂತ ಕೇಳ್ತಾ ಇದೆ. ನಾವು ಕೊಟ್ಟಿಲ್ಲ. ತಪ್ಪು ಯಾರ್ದು?"

ತಪ್ಪು ಮಾವನದು ಎಂದು ತೀರ್ಮಾನವಾಯಿತು. ಶಿಕ್ಷೆಯಾಗಿ ಮಾವ ಹಳೇ ಸ್ಟೂಲಿನ ಕಾಲಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಸೋಫಾದ ಪಕ್ಕದಲ್ಲೇ ಇಟ್ಟರು. ಸುಬ್ಬಿ ಮೂಸಿದಳು, ಮೈ ಮುರಿದಳು, ಚರಚರನೆ ಕೆರೆದಳು. ಸೋಫಾ ಉಳಿಯಿತು. ಅತ್ತೆ ಮಾವನ ಕಡೆ ತಿರುಗಿ "ನೋಡಿದ್ರಾ, ಎಷ್ಟು ಬೇಗ ವಿಲೇವಾರಿ ಆಯ್ತು!" ಎಂದರು.

ಎರಡನೆಯದು ಗಂಭೀರ ಪ್ರಕರಣ. ಸುಬ್ಬಿ ತನ್ನ ಮರಳಿನ ಟಬ್ಬು ಬಿಟ್ಟು ಮಾವನ ವಾಕಿಂಗ್ ಶೂಗಳಲ್ಲಿ ಉಚ್ಚೆ ಹೊಯ್ಯಲು ಶುರುಮಾಡಿದಳು. ಮಾವ ಕುಣಿದಾಡಿಬಿಟ್ಟರು. "ಬೇಕೂಂತ್ಲೇ ಮಾಡ್ತಾ ಇದೆ ಕಣೇ! ನನ್ನ ಮೇಲೆ ಹಗೆ ಅದಕ್ಕೆ!"

"ನಿಮ್ಮ ಮೇಲೆ ಹಗೆ ಸಾಧಿಸೋವಷ್ಟು ಟೈಮು ಅದಕ್ಕೆಲ್ಲಿದೆ? ದಿನಕ್ಕೆ ಹದಿನಾರು ಗಂಟೆ ನಿದ್ದೆ ಮಾಡ್ಬೇಕು" ಎಂದ ಅತ್ತೆ ಮೊದಲು ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಪ್ರಾಣಿವೈದ್ಯರಿಗೆ ತೋರಿಸಿದರು. ಕಾಯಿಲೆ ಏನಿಲ್ಲ ಎಂದಾಯಿತು. ಮಾರನೆಯ ದಿನ ಸ್ಥಳ ಪರಿಶೀಲನೆ! ಬೆಳಿಗ್ಗೆಯಿಂದ ಹಿತ್ತಲ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತರು. ಉಪ್ಪಿಟ್ಟೂ ಅಲ್ಲಿಗೇ ಹೋಯಿತು. ಹನ್ನೊಂದು ಗಂಟೆಗೆ ಸತ್ಯ ಹೊರಬಿತ್ತು. ಮನೆ ಗುಡಿಸುವಾಗ ಮಾವ ಟಬ್ಬನ್ನು ವಾಷಿಂಗ್ ಮೆಷಿನ್ ಪಕ್ಕಕ್ಕೆ ತಳ್ಳಿದ್ದರು. ಸುಬ್ಬಿ ಟಬ್ಬಿಗೆ ಇಳಿದು ಆಗಷ್ಟೇ ಮರಳು ಕೆದಕುತ್ತಿದ್ದಳು. ಮೆಷಿನ್ನು ಗಡಗಡ ಎಂದು ಕುಣಿಯಿತು. ಬಾಲ ಬಾಟಲಿ ಬ್ರಷ್ಷಿನಂತೆ ಉಬ್ಬಿಸಿಕೊಂಡು ಒಂದೇ ನೆಗೆತಕ್ಕೆ ಶೂ ಸ್ಟ್ಯಾಂಡು ಸೇರಿದಳು!

"ನೀವು ಬಾತ್‌ರೂಮಲ್ಲಿ ಕೂತಾಗ ಗೋಡೆ ಅಲ್ಲಾಡಿದ್ರೆ ಏನು ಮಾಡ್ತಿದ್ರಿ?" ಎಂದು ಅತ್ತೆ ಕೇಳಿದರು. ಮಾವ ಟಬ್ಬನ್ನು ಜಗಲಿಯ ಮೂಲೆಗೆ ಸಾಗಿಸಿದರು. ಶೂ ಒಣಗಿತು.

ಇನ್ನು ವರ್ಗಾವಣೆ. ಬೆಳಗಿನ ಜಾವ ಐದಕ್ಕೇ ಸುಬ್ಬಿ ಮಾವನ ಕಾಲಿನ ಹೆಬ್ಬೆರಳು ಕಚ್ಚಿ ಎಬ್ಬಿಸತೊಡಗಿದಳು. ವಿಚಾರಣೆಯಲ್ಲಿ ತಿಳಿದದ್ದೇನು? ಒಂದು ದಿನ ಅವಳು ಕೂಗಿದಳೆಂದು ಮಾವ ನಿದ್ದೆಗಣ್ಣಲ್ಲಿ ಬಿಸ್ಕತ್ತು ಕೊಟ್ಟಿದ್ದರಂತೆ. "ಕೂಗಿದ್ರೆ ಸಿಗುತ್ತೆ ಅಂತ ನೀವೇ ಕಲಿಸಿದ್ರಿ. ಅದು ಮರೆಯೋವರೆಗೂ ನೀವು ಮುಂದಿನ ಹಾಲಲ್ಲಿ ಮಲಗಿ, ಬಾಗಿಲು ಹಾಕ್ಕೊಳ್ಳಿ." ಹದಿನೈದು ದಿನಕ್ಕೆ ಸುಬ್ಬಿ ಮರೆತಳು. ಅತ್ತೆ ವಾಪಸ್ ಕರೆದರೆ ಮಾವ ಬರಲೇ ಇಲ್ಲ! "ಇಲ್ಲೇ ಇರ್ತೀನಿ ಬಿಡೇ. ಗಾಳಿ ಚೆನ್ನಾಗಿದೆ, ಟಿವಿನೂ ಇದೆ."

ಹೀಗೆಲ್ಲ ಅತ್ತೆಯನ್ನು ಆಡಿಕೊಂಡು ನಗುತ್ತಿದ್ದವಳು ನಾನು. ಈ ವರ್ಷ ಬಾಗಲೂರಿನಿಂದ ಅತ್ತೆಯ ಮನೆ ಹತ್ತಿರಕ್ಕೇ ಬಾಡಿಗೆಗೆ ಬಂದೆವು. ಏಳು ವರ್ಷದ ಮಗಳನ್ನು ಹೊಸ ಸ್ಕೂಲಿಗೆ ಹಾಕಿದೆವು. ಸ್ಕೂಲು ಬಿಟ್ಟ ಮೇಲೆ ನಾನು ಕಂಪನಿಯಿಂದ ಬರುವವರೆಗೆ ಅವಳು ಅತ್ತೆಯ ಹತ್ತಿರ ಇರುತ್ತಾಳೆ. ಸ್ಕೂಲು ಶುರುವಾಗಿ ತಿಂಗಳಾಗುವಷ್ಟರಲ್ಲಿ, ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂತು. ದಿನಾ ಬೆಳಿಗ್ಗೆ ಹಾಸಿಗೆ ಹೊತ್ತುಕೊಂಡು ಟೆರೇಸಿಗೆ! ಪಕ್ಕದ ಮನೆಯವರು ನೋಡುತ್ತಾರೆಂದು ನನಗೆ ನಾಚಿಕೆ, ಸಿಟ್ಟು. ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದ ಅತ್ತೆಯ ಮುಂದೆ ಹೇಳಿಬಿಟ್ಟೆ. "ಇವತ್ತು ಎರಡು ಏಟು ಕೊಟ್ಟೆ ಅತ್ತೆ. ಬೇಕೂಂತ್ಲೇ ಮಾಡ್ತಾಳೆ."

ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಮಗಳ ಸ್ಕೂಲ್ ಬ್ಯಾಗು ತೆಗೆದರು. ಶುಕ್ರವಾರದ ನೀರಿನ ಬಾಟಲಿ ಹಾಗೇ ಇತ್ತು. ಕತ್ತಿನವರೆಗೂ ತುಂಬಿತ್ತು.

ಸೋಮವಾರ ಸೀರೆಗೆ ಪಿನ್ನು ಹಾಕಿಕೊಂಡು ಸ್ಕೂಲಿಗೆ ಹೋಗಿ, ಕ್ಲಾಸಿನ ಆಚೆ ಆಯಾ ಪಕ್ಕದಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರಂತೆ. ಕಂಡದ್ದನ್ನೂ ಆಯಾಳಿಂದ ಕೇಳಿದ್ದನ್ನೂ ಸಂಜೆ ನನಗೆ ಹೇಳಿದರು. ಅಲ್ಲಿ ಮಕ್ಕಳು ಬಾತ್‌ರೂಮಿಗೆ ಹೋಗಬೇಕಾದರೆ ಎದ್ದು ತಮಿಳಲ್ಲಿ ಕೇಳಬೇಕು. ಮೊದಲನೇ ವಾರ ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಾಳೆ. ಕ್ಲಾಸೆಲ್ಲ ನಕ್ಕಿದೆ. ಅವತ್ತಿನಿಂದ ಕೇಳುವುದನ್ನೇ ಬಿಟ್ಟಿದ್ದಾಳೆ. ಕೇಳಬೇಕಾಗಿ ಬರಬಾರದೆಂದು ನೀರನ್ನೂ ಬಿಟ್ಟಿದ್ದಾಳೆ. ಸಂಜೆ ಮನೆಗೆ ಬಂದು ದಿನದ ಬಾಯಾರಿಕೆಯನ್ನೆಲ್ಲ ಒಟ್ಟಿಗೆ ಕುಡಿಯುತ್ತಾಳೆ.

"ಅವಳ ಮಿಸ್ಸು ತಳಿ ಊರಿನ ಕಡೆಯೋಳು ಕಣೇ, ಕನ್ನಡ ಬರುತ್ತೆ! 'ಆಮೇಲೆ ಮಗು ಬಾಯೇ ಬಿಡ್ಲಿಲ್ಲ ಅಜ್ಜಿ' ಅಂತ ಪೇಚಾಡ್ಕೊಂಡ್ಳು. ನಾಳೆಯಿಂದ ಕೈ ಎತ್ತಿದ್ರೆ ಸಾಕು, ಕಳಿಸ್ತೀನಿ ಅಂದಿದ್ದಾಳೆ."

ನನಗೆ ತಲೆ ಎತ್ತಲಾಗಲಿಲ್ಲ. ಆ ಎರಡು ಏಟು ನನ್ನ ಅಂಗೈಯಲ್ಲೇ ಉರಿಯುತ್ತಿದ್ದವು. "ನಾನು ಎಂಥಾ ತಾಯಿ ಅತ್ತೆ" ಎಂದೆ.

"ಸುಮ್ನಿರು" ಎಂದರು ಅತ್ತೆ. "ನಿಮ್ಮಮ್ಮ ಆಸ್ಪತ್ರೆ ಸೇರಿದಾಗ ಆರು ತಿಂಗಳು ನೀನು ನನ್ನ ಹತ್ರ ಇದ್ಯಲ್ಲ, ನೆನಪಿದ್ಯಾ? ದಿನಾ ಒದ್ದೆ ಮಾಡ್ತಿದ್ದೆ. ಮನೆ ತುಂಬ ಜನ, ಹುಡುಗರೆಲ್ಲ ನಗ್ತಾರೆ ಅಂತ, ಅವರು ಏಳೋಕೆ ಮುಂಚೆ ನಾನೇ ನಿನ್ನ ಹಾಸಿಗೆ ಮೇಲೆ ಒಂದು ಚೊಂಬು ನೀರು ಚೆಲ್ಲಿಬಿಡ್ತಿದ್ದೆ. 'ಅಯ್ಯೋ, ಕೈ ಜಾರಿ ಬಿತ್ತು' ಅಂತಿದ್ದೆ. ನಿಂಗೂ ಗೊತ್ತಾಗ್ತಿರ್ಲಿಲ್ಲ."

ನಮ್ಮ ಮನೆಯಲ್ಲಿ ಅತ್ತೆಗೆ ಇವತ್ತಿಗೂ ಇರುವ ಹೆಸರು 'ತೂತುಗೈ'. ಮದುವೆಮನೆಗಳಲ್ಲಿ ಅವರ ಕೈಗೆ ಯಾರೂ ನೀರಿನ ಜಗ್ಗು ಕೊಡುವುದಿಲ್ಲ. ಕೊಡಬೇಡಿ ಕೊಡಬೇಡಿ ಎಂದು ಎಲ್ಲರಿಗಿಂತ ಜೋರಾಗಿ ಕೂಗಿ ನಗುತ್ತಿದ್ದವಳು ನಾನೇ.