ಕಿಟಕಿಯಿಂದ ಸಮುದ್ರ ನೋಡುವುದನ್ನು ನಿರ್ಬಂಧಿಸುವ ಕುರಿತು

ಹಡಗು ಸಂಚಾರ ಅಪಾಯ ಅಂದಾಜು ವಿಭಾಗ
ಕಿಸಿಮಾನಿ ಬಂದರು, ಸ್ವಾಹಿಲಿ ಕರಾವಳಿ

ಸಂಖ್ಯೆ: ಹಸಂಅ/ಕಿಟಕಿ/07

ವಿಷಯ: ಕಂಪ್ಯೂಟರಿನಲ್ಲಿ ಇಲ್ಲದ ದೋಣಿಯನ್ನು ಅನುಮತಿಯಿಲ್ಲದೆ ರಕ್ಷಿಸಿದ ಬಗ್ಗೆ.

ಉಲ್ಲೇಖ: ಶ್ರೀಮತಿ ಜುಹುರಾ, ಕಂಪ್ಯೂಟರ್ ನಿರ್ವಾಹಕಿ, ಇವರ ಸಮಜಾಯಿಷಿ.

ಕಂಪ್ಯೂಟರಿನೊಳಗೆ ಹಡಗುಗಳನ್ನು ಓಡಿಸಿ, ಯಾವುದು ಯಾವುದಕ್ಕೆ ಡಿಕ್ಕಿಯಾದೀತೆಂದು ಮುಂಚಿತವಾಗಿ ಅಂದಾಜಿಸುವುದು ಈ ವಿಭಾಗದ ಕರ್ತವ್ಯವಾಗಿರುತ್ತದೆ. ಕಳೆದ ತಿಂಗಳ 4ರಂದು ಬೆಳಿಗ್ಗೆ 10.20ಕ್ಕೆ ಪರದೆ ಹಸಿರಾಗಿದ್ದು, ಅಪಾಯ ಶೂನ್ಯವೆಂದು ಘೋಷಿಸಲಾಗಿತ್ತು. ಹೀಗಿದ್ದಾಗ್ಯೂ ಶ್ರೀಮತಿ ಜುಹುರಾ ಅವರು ಚಹಾದ ಲೋಟ ಇಡಲು ಜಾಗ ಹುಡುಕುತ್ತ ಕಿಟಕಿ ತೆರೆದಿರುತ್ತಾರೆ. ಸರಕು ಹಡಗೊಂದು ಮುದುಕ ಮೀನುಗಾರ ಶೇಬ್ವಾನಾ ಅವರ ಹಾಯಿದೋಣಿಯ ಮೇಲೆಯೇ ಬರುತ್ತಿರುವುದು ಅವರಿಗೆ ಕಂಡಿರುತ್ತದೆ. ಹತ್ತು ಮೀಟರಿಗಿಂತ ಚಿಕ್ಕ ದೋಣಿಗಳನ್ನು ಕಂಪ್ಯೂಟರ್ ಪರಿಗಣಿಸುವುದಿಲ್ಲವೆಂದು ಗೊತ್ತಿದ್ದೂ, ರೇಡಿಯೋ ಹಿಡಿದು ಕೂಗಿ ಹಡಗನ್ನು ತಿರುಗಿಸಿರುತ್ತಾರೆ. ನಂತರ ಅರ್ಧ ಗಂಟೆ, ದೋಣಿ ದಡ ಸೇರುವವರೆಗೆ, ಅವರು ಕಿಟಕಿಯಲ್ಲೇ ನಿಂತಿದ್ದು, ಕಚೇರಿಯ ಟೈಪಿಂಗ್ ಕೆಲಸಕ್ಕೆ ಅಡಚಣೆಯಾಗಿರುತ್ತದೆ.

ವಿಚಾರಣೆಯಲ್ಲಿ ಅವರು, “ಪರದೆ ಮೇಲೆ ಆ ಅಜ್ಜ ಇರ್ಲಿಲ್ಲ ಸಾರ್. ನೀರಿನ ಮೇಲಿದ್ರು. ಕೈ ಬೀಸ್ತಿದ್ರು,” ಎಂದಿರುತ್ತಾರೆ. ಸದರಿ ಉತ್ತರ ತೃಪ್ತಿಕರವಾಗಿಲ್ಲ.

ಆದ್ದರಿಂದ ಸಿಬ್ಬಂದಿಯ ಪಾಲನೆಗಾಗಿ ಹೀಗೆ ಆದೇಶಿಸಿದೆ:

1. ಎಲ್ಲ ಕಿಟಕಿಗಳಿಗೂ ಹಲಗೆ ಹೊಡೆಯುವುದು. ಗಾಳಿ ಬೇಕಾದವರು ದೃಶ್ಯ ಹೊರತುಪಡಿಸಿ ಗಾಳಿಯನ್ನು ಮಾತ್ರ ಪಡೆಯತಕ್ಕದ್ದು.

2. ಕಂಪ್ಯೂಟರಿಗೂ ಸಮುದ್ರಕ್ಕೂ ವ್ಯತ್ಯಾಸ ಕಂಡುಬಂದಲ್ಲಿ, ಸಮುದ್ರವನ್ನು ತಿದ್ದಲು ನಮೂನೆ 9ರಲ್ಲಿ ಕೋರುವುದು.

3. ಮುಳುಗುತ್ತಿರುವವರು ದೋಣಿಯ ಉದ್ದದ ಪ್ರಮಾಣಪತ್ರದ ದೃಢೀಕೃತ ಪ್ರತಿ ಹಾಜರುಪಡಿಸಿದ ನಂತರವೇ ಕೂಗತಕ್ಕದ್ದು.

4. ಶ್ರೀ ಶೇಬ್ವಾನಾ ಅವರು ದೋಣಿಯನ್ನು ಇನ್ನೂ ಮೂರು ಮೀಟರ್ ಉದ್ದ ಮಾಡಿ ಹತ್ತು ಮೀಟರಿಗೆ ತರುವುದು. ತಪ್ಪಿದಲ್ಲಿ, ಇಲ್ಲದಿರುವುದನ್ನು ಮುಂದುವರಿಸುವುದು. ಅವರು ಜುಹುರಾರಿಗೆಂದು ತಂದುಕೊಟ್ಟ ನಾಲ್ಕು ಚಂಗು ಮೀನುಗಳು ಇಲ್ಲದ ದೋಣಿಯಲ್ಲಿ ಹಿಡಿದವಾದ್ದರಿಂದ ಸ್ವೀಕಾರಾರ್ಹವಲ್ಲ. ತೆಂಗಿನ ಹಾಲಿನಲ್ಲಿ ಬೇಯಿಸಿ ತಿಂದವರು ಹೆಸರು ತಿಳಿಸುವುದು.

5. ಶ್ರೀಮತಿ ಜುಹುರಾ ಅವರನ್ನು ಶಿಕ್ಷಾರ್ಥವಾಗಿ ಜೆಟ್ಟಿಯ ತುದಿಯಲ್ಲಿ ಸ್ಟೂಲಿನ ಮೇಲೆ ಕೂರಿಸಲಾಗಿದೆ. ಒಳಬರುವ ಹಡಗುಗಳ ಚಾಲಕರೆಲ್ಲ ಈಗ ವಿಭಾಗವನ್ನು ಬಿಟ್ಟು, “ಅಕ್ಕಾ, ದಾರಿ ಖಾಲಿ ಇದೆಯಾ?” ಎಂದು ಅವರನ್ನೇ ಕೇಳುತ್ತಿರುವುದು ಗಮನಕ್ಕೆ ಬಂದಿದೆ. ಅವರು ಜೊತೆಗೊಯ್ದ ರೇಡಿಯೋ ಹಿಂಪಡೆಯಲು ಹೋದ ಇಬ್ಬರು ನೌಕರರು ಬರಿಗೈಯಲ್ಲಿ ಮರಳಿರುತ್ತಾರೆ. ಆ ಬಳಿಕ ಮೂರು ವಾರಗಳಲ್ಲಿ ಒಂದೂ ಡಿಕ್ಕಿಯಾಗದಿರುವುದಕ್ಕೆ ಕಂಪ್ಯೂಟರನ್ನು ಅಭಿನಂದಿಸಲಾಗಿದೆ.

(ಸಹಿ)
ಚರೋ
ಮುಖ್ಯ ಅಪಾಯಾಧಿಕಾರಿ

ಪ್ರತಿಗಳು:
ಬಡಗಿಗೆ, ಅಳತೆ ಸಹಿತ.
ಸಮುದ್ರಕ್ಕೆ, ಮಾಹಿತಿಗಾಗಿ.
ಶ್ರೀ ಶೇಬ್ವಾನಾ ಅವರಿಗೆ, ಇರುವುದು ಖಚಿತವಾದ ನಂತರ.
ಶ್ರೀಮತಿ ಜುಹುರಾ ಅವರಿಗೆ, ಜೆಟ್ಟಿಯ ತುದಿ. ಬಿಸಿಲು ಜೋರಿರುವುದರಿಂದ ಮುಖ್ಯಾಧಿಕಾರಿಗಳ ಸ್ವಂತ ಕೊಡೆಯನ್ನು ಲಗತ್ತಿಸಿದೆ.