ಎಡದಿಂದ ಎರಡನೆಯದು

ಎ.ಸಿ.ಯಿಂದ ಬಿಸಿಗಾಳಿ ಬರುತ್ತಿದೆ ಎಂಬುದು ಕರಡಪ್ಪನಿಗೆ ಗೊತ್ತಾದದ್ದು ಬೆಳಗ್ಗೆ ಹತ್ತಕ್ಕೆ. ಅತ್ತೆ ಆಸ್ಪತ್ರೆಯಿಂದ ಬರುವುದು ಸಂಜೆ ಐದಕ್ಕೆ. ನಡುವೆ ಇದ್ದದ್ದು ಏಳು ಗಂಟೆ ಮತ್ತು ಕರಡಪ್ಪನ ಎರಡು ಕೈ. ಆ ಕೈಗಳು ಈವರೆಗೆ ಕೆಂಪು ಪೆನ್ನಿಗಿಂತ ಭಾರದ ಆಯುಧ ಹಿಡಿದಿರಲಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವನದು, ಹಾಗಾಗಿ ಆ ಹೆಸರು. ನಿಜವಾದ ಹೆಸರು ಹೆಂಡತಿಗೂ ಪಡಿತರ ಚೀಟಿಗೂ ಮಾತ್ರ ನೆನಪಿತ್ತು.

ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದರು. ಬೆವರು ಕಣ್ಣಿಗಿಳಿಯಬಾರದು, ತಂಪಾದ ಕೋಣೆಯಲ್ಲಿ ಇಟ್ಟುಕೊಳ್ಳಿ ಎಂದು ವೈದ್ಯರು ಹೇಳಿದ್ದರು. ಹೇಳದಿದ್ದರೂ ಕರಡಪ್ಪ ಬಿಡುತ್ತಿರಲಿಲ್ಲ. ಐದು ವರ್ಷದ ಹಿಂದೆ ಅವನು ಟೈಫಾಯಿಡ್ ಹಿಡಿದು ಮಲಗಿದ್ದಾಗ, ಕರೆಂಟ್ ಹೋದಾಗಲೆಲ್ಲ ಮಂಚದ ಪಕ್ಕ ಕೂತು ಗಾಳಿ ಬೀಸಿದವರು ಈ ಅತ್ತೆ. ಕೈ ಬದಲಿಸುತ್ತಿದ್ದರೇ ಹೊರತು ನಿಲ್ಲಿಸುತ್ತಿರಲಿಲ್ಲ.

ಅವನು ಮೆಕ್ಯಾನಿಕ್‌ಗೆ ಫೋನ್ ಮಾಡಿದ.

"ಬೇಸಿಗೇಲಿ ನಾನು ನನ್ನ ಹೆಂಡ್ತಿಗೇ ಸಿಗಲ್ಲ ಸಾರ್. ಗುರುವಾರ ಬರ್ತೀನಿ."

"ಸಂಜೆ ಅತ್ತೆ ಬರ್ತಾರಪ್ಪ."

ಮೆಕ್ಯಾನಿಕ್‌ಗೂ ಒಬ್ಬ ಅತ್ತೆ ಇದ್ದಿರಬೇಕು, ದನಿ ಮೆತ್ತಗಾಯಿತು. "ಒಳಗಿನ ಜಾಲರಿ ತೊಳೆದು ನೋಡಿ. ಆಗ್ಲೂ ತಂಪಾಗ್ದಿದ್ರೆ ತಾರಸಿ ಮೇಲಿರೋ ಪೆಟ್ಟಿಗೆ ಧೂಳು ತಿಂದಿದೆ ಅಂತ ಅರ್ಥ. ಸ್ವಿಚ್ ಆರಿಸಿ, ಬ್ರಷ್‌ನಲ್ಲಿ ಉಜ್ಜಿ, ಮೆಲ್ಲಗೆ ನೀರು ಬಿಡಿ. ನಿಮ್ದು ಎಡದಿಂದ ಎರಡನೇದು. ನಾನೇ ಕೂರ್ಸಿದ್ದು."

ಸ್ಟೂಲು ಹತ್ತಿ ಜಾಲರಿ ಎಳೆದದ್ದೇ ತಡ, ಮೂರು ವರ್ಷದ ಧೂಳು ಕರಡಪ್ಪನ ತಲೆ ಮೇಲೆ ಬಿತ್ತು. ನಲವತ್ತರ ಮನುಷ್ಯ ಕ್ಷಣದಲ್ಲಿ ಎಪ್ಪತ್ತರವನಂತೆ ಕಂಡ. ಅವನ ಸೀನು ಕೇಳಿ ಅದೇ ಮಹಡಿಯ ಎದುರುಮನೆಯ ಟೈಲರಮ್ಮ ಬಾಗಿಲಿಗೆ ಬಂದಳು.

"ಒಂಬತ್ತು ಸಲ ಸೀನಿದ್ರಿ ಅಣ್ಣ. ಎಣಿಸ್ತಾ ಎಣಿಸ್ತಾ ತೋಳು ಹೊಲಿಯೋ ಕಡೆ ಕಾಲರ್ ಹೊಲಿದ್ಬಿಟ್ಟೆ. ಏನಾಯ್ತು?"

ವಿಷಯ ತಿಳಿದು ತನ್ನ ಬಟ್ಟೆ ಬ್ರಷ್ಷನ್ನೂ ತಲೆಯ ಧೂಳಿಗೆಂದು ಒಂದು ಬಾಚಣಿಗೆಯನ್ನೂ ಕೊಟ್ಟು, ಸಂಜೆಯೊಳಗೆ ಮುಗಿಸಬೇಕಾದ ಹೊಲಿಗೆಗೆ ವಾಪಸಾದಳು. ಹೋಗುವ ಮುನ್ನ ಕೆಳಮನೆಯ ಕಂಡಕ್ಟರ್ ಮಾವನಿಗೆ ಕೂಗಿ ಹೇಳಿದಳು. ನಿವೃತ್ತಿಯಾಗಿ ಹತ್ತು ವರ್ಷವಾದರೂ ತಾನು 'ರೈಟ್' ಅನ್ನದೆ ಊರಲ್ಲಿ ಏನೂ ಮುಂದಕ್ಕೆ ಹೋಗದು ಎಂಬುದು ಅವರ ನಂಬಿಕೆ.

ಜಾಲರಿ ತೊಳೆದರೂ ಗಾಳಿ ಬಿಸಿಯೇ ಇತ್ತು. "ರೈಟ್, ಮೇಲೆ ಹೋಗೋಣ" ಎಂದರು ಮಾವ.

ತಾರಸಿ ಕಾದ ಹೆಂಚಿನಂತಿತ್ತು. ಚಪ್ಪಲಿ ಮರೆತಿದ್ದ ಕರಡಪ್ಪ ಕುಣಿಯುತ್ತಲೇ ನೀರಿನ ಟ್ಯಾಂಕಿನ ನೆರಳು ಸೇರಿದ. ಎದುರಿಗೆ ಕಟ್ಟಡದ ನಾಲ್ಕು ಮನೆಗಳ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಎಡದಿಂದ ಎಣಿಸಿ, ಎರಡನೆಯದರ ಮುಂದೆ ಮಂಡಿಯೂರಿದ. ಉಜ್ಜಿದಂತೆಲ್ಲ ಧೂಳು ಕಂಬಳಿಯಂತೆ ಕಿತ್ತುಬಂತು. ಹಿಂದೆಯೇ ಪಾರಿವಾಳದ ಪುಕ್ಕ, ಒಂದು ಸಂಸಾರಕ್ಕಾಗುವಷ್ಟು ಕಸಕಡ್ಡಿ. ಮಾವ ನಲ್ಲಿಯ ಹತ್ತಿರ ನಿಂತು "ರೈಟ್" ಎಂದರು. ಕೊಳವೆ ಕರಡಪ್ಪನ ಕೈಯಿಂದ ಜಾರಿ ಹಾವಿನಂತೆ ಹೊರಳಿ, ಪೆಟ್ಟಿಗೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತೋಯಿಸಿತು. "ಹೋಲ್ಡಾನ್" ಎಂಬ ಮಾತು ಅವರ ಬಾಯಿಗೆ ಬರುವಷ್ಟರಲ್ಲಿ ಇಬ್ಬರೂ ತೊಪ್ಪೆಯಾಗಿದ್ದರು.

ಪೆಟ್ಟಿಗೆಯ ತೆಳು ತಗಡಿನ ಸಾಲುಗಳು ಅಲ್ಲಲ್ಲಿ ಮಡಿಚಿಕೊಂಡಿದ್ದವು. ಕರಡಪ್ಪ ಬಾಚಣಿಗೆ ಹಿಡಿದು ಒಂದೊಂದೇ ಸಾಲನ್ನು ನೆಟ್ಟಗೆ ಮಾಡಿದ. ಅದು ಅವನಿಗೆ ಬರುವ ಕೆಲಸ. ನೆರಳು ಸರಿದುಹೋಯಿತು. ಎಪ್ಪತ್ತರ ಮಾವ ತಮ್ಮ ಒದ್ದೆ ಟವೆಲನ್ನು ಅವನ ತಲೆಗೆ ಹೊದಿಸಿ, ತಾವು ಬರಿತಲೆಯಲ್ಲೇ ಕೊಳವೆ ಹಿಡಿದು ನಿಂತರು.

"ನೀವು ಕೆಳಗೆ ಹೋಗಿ ಮಾವ, ಸುಟ್ಟುಹೋಗ್ತೀರ."

"ಬಸ್ಸಿನ ಇಂಜಿನ್ ಪಕ್ಕ ಮೂವತ್ತು ವರ್ಷ ಕೂತವನಯ್ಯ ನಾನು. ನೀನು ಬಾಚು."

ಕರಡಪ್ಪ ತಲೆ ತಗ್ಗಿಸಿ ಬಾಚತೊಡಗಿದ. ಹೋದ ವಾರವಷ್ಟೇ ಮೆಟ್ಟಿಲಲ್ಲಿ ಸೈಕಲ್ ನಿಲ್ಲಿಸಿದ್ದಕ್ಕೆ ಇವರ ಮೇಲೆ ರೇಗಿದ್ದ.

ನಾಲ್ಕೂವರೆಗೆ ಕೆಳಗಿಳಿದು ಸ್ವಿಚ್ ಒತ್ತಿದರು. ಬಿಸಿಗಾಳಿ ಬಂತು.

"ಸ್ವಲ್ಪ ಟೈಮ್ ಹಿಡಿಯತ್ತೆ" ಎಂದರು ಮಾವ.

ಟೈಮ್ ಹಿಡಿಯಿತು, ಅಷ್ಟರಲ್ಲಿ ಅತ್ತೆಯೇ ಬಂದುಬಿಟ್ಟರು. ಕಪ್ಪು ಕನ್ನಡಕ, ಮಗಳ ಭುಜದ ಮೇಲೆ ಕೈ, ಹಣೆಯಲ್ಲಿ ಸಾಲುಸಾಲು ಬೆವರು. ಹೆಂಡತಿ ಕೋಣೆಯೊಳಗೆ ಒಂದು ಹೆಜ್ಜೆ ಇಟ್ಟು ಗಂಡನ ಮುಖ ನೋಡಿದಳು. ಮಾತಿಗಿಂತ ಆ ನೋಟವೇ ಬಿಸಿಯಾಗಿತ್ತು.

"ಇರ್ಲಿ ಬಿಡೇ, ಪಾಪ" ಎಂದರು ಅತ್ತೆ. ಅದು ಅವನಿಗೆ ಇನ್ನಷ್ಟು ಚುಚ್ಚಿತು.

ಟೈಲರಮ್ಮ ಒಳಬಂದಳು. "ಅಮ್ಮ, ನಮ್ಮನೇಲಿ ಕೂತ್ಕೊಳ್ಳಿ. ಎ.ಸಿ. ಕೆಟ್ಟು ಎರಡು ಬೇಸಿಗೆ ಆಯ್ತು, ವೈರ್ ಕೂಡ ಕಿತ್ತಿಟ್ಟಿದೀನಿ. ಆದ್ರೂ ನಮ್ಮ ಕೋಣೆಗೆ ಬಿಸಿಲು ಬೀಳಲ್ಲ."

ಎಲ್ಲರೂ ಎದುರುಮನೆಗೆ ಹೋದರು. ಬಂದವರೆದುರು ಸುಮ್ಮನಿರಬಾರದೆಂದು ಟೈಲರಮ್ಮ ವೈರ್ ಚುಚ್ಚಿ ಎ.ಸಿ. ಹಾಕಿದಳು. ಅದು ಗೊರ್ ಅಂದಿತು. ಐದು ನಿಮಿಷಕ್ಕೆ ಕೋಣೆ ಮಡಕೆಯ ಹೊಟ್ಟೆಯಂತೆ ತಣ್ಣಗಾಯಿತು. ಹತ್ತನೇ ನಿಮಿಷಕ್ಕೆ ಅತ್ತೆ ಸೆರಗು ಹೊದ್ದುಕೊಂಡರು.

ಬಾಗಿಲ ಬಳಿ ಮಾವ ಕರಡಪ್ಪನ ಕಿವಿಗೆ ಬಾಯಿಟ್ಟರು. "ಆ ಮೆಕ್ಯಾನಿಕ್ಕು ಯಾವ ಕಡೆ ನಿಂತು ಎಣಿಸಿದ್ನಯ್ಯ?"

"ಮೆಟ್ಟಿಲ ಕಡೆ ಇರ್ಬೇಕು."

"ನಾವು ಎದುರು, ಟ್ಯಾಂಕಿನ ಕಡೆ ನಿಂತಿದ್ವಿ. ನಮ್ಮ ಎಡ ಅವನಿಗೆ ಬಲ."

"ಮಾವ, ದಮ್ಮಯ್ಯ, ಮುಂದೆ ಹೇಳ್ಬೇಡಿ."

ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. "ಎರಡು ಬೇಸಿಗೆ ಬೆವರು ಸುರಿಸ್ಕೊಂಡು ಹೊಲಿದಿದೀನಿ ಅಮ್ಮ. ಕೈಯಿಂದ ಸೂಜಿ ಜಾರೋದು. ಇದು ನಿಮ್ಮ ಕಾಲ್ಗುಣ, ಇನ್ನೇನಲ್ಲ."

"ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ. ಕಣ್ಣು ವಾಸಿಯಾಗೋವರೆಗೂ ಇಲ್ಲೇ ಇರ್ತೀನಿ" ಎಂದರು ಅತ್ತೆ. ಕಣ್ಣಿಗೆ ಹನಿ ಹಾಕಬೇಕಲ್ಲ, ತಾನೂ ಇಲ್ಲೇ ಮಲಗುತ್ತೇನೆ ಎಂದಳು ಹೆಂಡತಿ. ಆಮೇಲೆ ಅತ್ತೆ ಏನೋ ಹೊಳೆದವರಂತೆ ಕೇಳಿದರು: "ಅಲ್ವೇ, ನಿಮ್ಮನೆಗೂ ಕಾಲಿಟ್ಟಿದ್ದೆನಲ್ಲ. ಅಲ್ಲಿ ಯಾಕೆ ತಂಪಾಗ್ಲಿಲ್ಲ?"

"ಅಲ್ಲಿ ಇವರ ಕೈಗುಣ ಇತ್ತಲ್ಲಮ್ಮ" ಎಂದಳು ಹೆಂಡತಿ.

ಕರಡಪ್ಪ ಬಾಯಿ ತೆರೆದ. ಅತ್ತೆಯ ಹಣೆಯ ಕಡೆ ನೋಡಿದ. ಒಂದು ಹನಿ ಬೆವರೂ ಇರಲಿಲ್ಲ. ಬಾಯಿ ಮುಚ್ಚಿ, ಮಾವನ ಒದ್ದೆ ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡು ತನ್ನ ಮನೆಗೆ ನಡೆದ.